ಮಾನಸಗಂಗೋತ್ರಿಯಲ್ಲಿ ಬೇರೂರಿದ ದ್ರವಸ್ಫಟಿಕ

ಎರಡು ಗಾಜಿನ ಸ್ಲೈಡುಗಳ ನಡುವೆ 5ಸಿಬಿ ಎಂಬ ದ್ರವಸ್ಫಟಿಕದ ಒಂದು ಹನಿ. ಅದನ್ನು ಪೋಲರೈಸಿಂಗ್ ಮೈಕ್ರೋಸ್ಕೋಪಿನ ಕೆಳಗಿಟ್ಟು ಮೆಲ್ಲಗೆ ಬಿಸಿ ಮಾಡಿದರೆ, ಸುಮಾರು 35 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೋಟವೆಲ್ಲ ಕಪ್ಪಾಗುತ್ತದೆ. ಒಂದೇ ದಿಕ್ಕಿಗೆ ಮುಖಮಾಡಿದ್ದ ಅಣುಗಳು ಚದುರಿ, ಅದೀಗ ನೀರಿನಂಥದೇ ದ್ರವ. ಆರಲು ಬಿಟ್ಟರೆ ಕಪ್ಪಿನೊಳಗೆ ಬೆಳಕಿನ ಹನಿಗಳು ಮೂಡಿ, ಹಿಗ್ಗಿ, ಒಂದರೊಳಗೊಂದು ಬೆರೆಯುತ್ತವೆ. ಅವುಗಳ ಮೇಲೆ ಕುಂಚದಿಂದ ಎಳೆದಂಥ ಕರಿ ಪಟ್ಟೆಗಳು. ಅಲ್ಲಲ್ಲಿ ಎರಡು ಅಥವಾ ನಾಲ್ಕು ಪಟ್ಟೆಗಳು ಒಂದೇ ಬಿಂದುವಿನಲ್ಲಿ ಸೇರಿರುತ್ತವೆ. ಪೋಲರೈಸರ್‌ಗಳೆರಡನ್ನೂ ಒಟ್ಟಿಗೆ ತಿರುಗಿಸಿದಾಗ ಕೆಲವು ಬಿಂದುಗಳ ಸುತ್ತ ಪಟ್ಟೆ ಅದೇ ದಿಕ್ಕಿಗೆ ತಿರುಗುತ್ತದೆ, ಕೆಲವು ಕಡೆ ತದ್ವಿರುದ್ಧವಾಗಿ. ಅಣುಗಳ ಜೋಡಣೆ ಅಲ್ಲಿ ಹೇಗೆ ಕೆಟ್ಟಿದೆ ಎಂಬುದನ್ನು ಎಂ.ಎಸ್ಸಿ. ವಿದ್ಯಾರ್ಥಿ ಅಷ್ಟರಿಂದಲೇ ಓದಿಕೊಳ್ಳಬಹುದು. ಪ್ರಾಕ್ಟಿಕಲ್ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ತೋಚದು.

ಈ ವಿದ್ಯೆ ಕನ್ನಡ ನಾಡಿನಲ್ಲಿ ಬೇರುಬಿಟ್ಟದ್ದು ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿ. ಸಿ.ವಿ. ರಾಮನ್ ಅವರ ಸೋದರಿಯ ಮಗ ಎಸ್. ಚಂದ್ರಶೇಖರ್ ಇಂಗ್ಲೆಂಡಿನಿಂದ ಮರಳಿ 1961ರಲ್ಲಿ ಇಲ್ಲಿ ಮುಖ್ಯಸ್ಥರಾದರು. ಸ್ಫಟಿಕಗಳ ಅಧ್ಯಯನದಲ್ಲಿ ಪಳಗಿದ್ದ ಅವರು ದ್ರವಸ್ಫಟಿಕಕ್ಕೆ ಹೊರಳಿದ್ದು ಈ ವಿಭಾಗದಲ್ಲಿದ್ದಾಗಲೇ. ದೈತ್ಯ ಯಂತ್ರಗಳನ್ನು ಬೇಡದ ಕ್ಷೇತ್ರವಿದು. ಶುದ್ಧ ಪದಾರ್ಥ, ಹದವಾದ ಬಿಸಿ, ಒಳ್ಳೆಯ ಮೈಕ್ರೋಸ್ಕೋಪು, ನುರಿತ ಕೈ ಇದ್ದರೆ ರಾಜ್ಯದ ವಿಶ್ವವಿದ್ಯಾನಿಲಯವೊಂದು ಜಗತ್ತಿನ ಮುಂಚೂಣಿಯಲ್ಲಿ ನಿಲ್ಲಬಹುದು. ಪಾಠದ ಮೇಜಿಗೂ ಸಂಶೋಧನೆಯ ಮೇಜಿಗೂ ಇಲ್ಲಿ ದೂರ ಕಡಿಮೆ.

1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಬೇಕಾದ ಪದಾರ್ಥಗಳನ್ನು ತಾವೇ ತಯಾರಿಸಿಕೊಳ್ಳಲು ರಸಾಯನಶಾಸ್ತ್ರದ ಲ್ಯಾಬೂ ಅಲ್ಲಿ ಜೊತೆಗೂಡಿತು. ಫಲ ದೊರೆತದ್ದು 1977ರಲ್ಲಿ. ಅದುವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳೆಲ್ಲ ಹೆಚ್ಚುಕಡಿಮೆ ಕಡ್ಡಿಯಾಕಾರದವು. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬೆಂಜೀನ್ ಉಂಗುರಕ್ಕೆ ಆರು ಕಡೆ ಉದ್ದನೆಯ ಸರಪಳಿ ಜೋಡಿಸಿದ ಬಿಲ್ಲೆಯಂಥ ಅಣುಗಳನ್ನು ತೆಗೆದುಕೊಂಡರು. ಅವು ತಟ್ಟೆಯಲ್ಲಿ ಪೇರಿಸಿದ ದೋಸೆಗಳಂತೆ ಒಂದರ ಮೇಲೊಂದು ಕೂತು ಕಂಬಗಳಾದವು! ಈ ಹೊಸ ಬಗೆಯನ್ನು ಜಗತ್ತಿಗೆ ತಿಳಿಸಿದ ಲೇಖನ ಅಚ್ಚಾದದ್ದು ಬೆಂಗಳೂರಿನದೇ ಪತ್ರಿಕೆ ‘ಪ್ರಮಾಣ’ದಲ್ಲಿ. ಎಲ್‌ಸಿಡಿ ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಮಂಕಾಗದಂತೆ ಮಾಡುವ ತೆಳು ಹಾಳೆಗಳಿಗೆ ಮುಂದೆ ಬಳಕೆಯಾದದ್ದು ಇಂಥ ಬಿಲ್ಲೆ ಅಣುಗಳೇ.

ನಿವೃತ್ತಿಯ ಬಳಿಕವೂ ಚಂದ್ರಶೇಖರ್ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. ನ್ಯಾನೋ ಮತ್ತು ಮೃದು ಪದಾರ್ಥ ವಿಜ್ಞಾನ ಕೇಂದ್ರವಾಗಿ ಇಂದು ಬೆಳೆದು ನಿಂತಿರುವುದು ಅದೇ.