ಬಾನುಲಿಯ ಇಬ್ಬರು ಬೋಧಕರು

ಚಲನಚಿತ್ರಗಳ ತವರೂರೆಂದು ಲೋಕವೆಲ್ಲ ಬಲ್ಲ ಅಮೆರಿಕದ ಲಾಸ್ ಏಂಜಲೀಸ್ ನಗರಕ್ಕೆ, ಅಷ್ಟಾಗಿ ಪ್ರಚಾರವಿಲ್ಲದ ಮತ್ತೊಂದು ಚರಿತ್ರೆಯೂ ಉಂಟು. ಬಾನುಲಿಯು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿಯೇ ಅಲ್ಲಿಯ ಕ್ರೈಸ್ತ ಬೋಧಕರು ಅದರ ಶಕ್ತಿಯನ್ನು ಕಂಡುಕೊಂಡರು. ಗಾಳಿಯಲ್ಲಿ ತೇಲಿಹೋಗುವ ಮಾತಿನ ಮೇಲೆ ಸರಕಾರಕ್ಕೆ ಎಷ್ಟು ಅಧಿಕಾರ ಎಂಬ ಪ್ರಶ್ನೆಗೆ ನ್ಯಾಯಾಲಯವು ಉತ್ತರ ಹೇಳಬೇಕಾಗಿ ಬಂದುದೂ ಆ ನಗರದ ಚರ್ಚೊಂದರ ದೆಸೆಯಿಂದಲೇ.

ಅಮೆರಿಕದಲ್ಲಿ ಚರ್ಚಿನ ಆರಾಧನೆಯು ಮೊದಲಬಾರಿ ರೇಡಿಯೋ ನಿಲಯದಿಂದ ಪ್ರಸಾರವಾದುದು 1921ರ ಜನವರಿ 2ರಂದು, ಪಿಟ್ಸ್‌ಬರ್ಗ್ ನಗರದಲ್ಲಿ. ಮೂರು ವರ್ಷಗಳ ತರುವಾಯ, 1924ರ ಫೆಬ್ರವರಿ 6ರಂದು, ಲಾಸ್ ಏಂಜಲೀಸಿನ ಏಂಜಲಸ್ ಟೆಂಪಲ್ ಎಂಬ ಚರ್ಚು ಕೆ.ಎಫ್.ಎಸ್.ಜಿ. ಎಂಬ ತನ್ನದೇ ನಿಲಯವನ್ನು ಆರಂಭಿಸಿತು. ಐದು ಸಾವಿರಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಲ್ಲ ಆ ಭವ್ಯ ಮಂದಿರವನ್ನು ಕಟ್ಟಿಸಿದವಳು ಕೆನಡಾದ ಒಕ್ಕಲು ಮನೆತನದಲ್ಲಿ ಹುಟ್ಟಿದ ಏಮಿ ಸೆಂಪಲ್ ಮೆಕ್‌ಫರ್ಸನ್. ಹೆಂಗಸು ಧರ್ಮಪೀಠವನ್ನೇರುವುದೇ ಸೋಜಿಗವಾಗಿದ್ದ ದಿನಗಳಲ್ಲಿ ಆಕೆಯ ಕಂಠ ಮನೆಮನೆಯನ್ನೂ ಹೊಕ್ಕಿತು. 1925ರಲ್ಲಿ ಸಾಂಟಾ ಬಾರ್ಬರಾದಲ್ಲಿ ಭೂಕಂಪವಾದಾಗ ಸಂತ್ರಸ್ತರಿಗಾಗಿ ಆಕೆ ಬಾನುಲಿಯಲ್ಲಿಯೇ ಮೊರೆಯಿಟ್ಟಳು. ಆಹಾರ, ಹೊದಿಕೆಗಳು ಲಾರಿಗಳಲ್ಲಿ ಹೊರಟವು.

ಆದರೆ ಆ ನಿಲಯ ತನಗೆ ಗೊತ್ತುಪಡಿಸಿದ ತರಂಗಾಂತರವನ್ನು ಬಿಟ್ಟು ಅತ್ತಿತ್ತ ಅಲೆಯುತ್ತಿತ್ತು. ಹಾಗೆ ಅಲೆದರೆ ನೆರೆಯ ನಿಲಯಗಳ ಮಾತು ಕಲಸಿಹೋಗುವುದು ಸಹಜ. ಆಗ ವಾಣಿಜ್ಯ ಮಂತ್ರಿಯಾಗಿದ್ದು ಮುಂದೆ ಅಧ್ಯಕ್ಷನಾದ ಹರ್ಬರ್ಟ್ ಹೂವರ್ ಈ ಪ್ರಸಂಗವನ್ನು ತನ್ನ ಸ್ಮರಣೆಗಳಲ್ಲಿ ನಗೆ ಬೆರೆಸಿ ಹೇಳಿಕೊಂಡಿದ್ದಾನೆ. ಅಧಿಕಾರಿಗಳು ನಿಲಯಕ್ಕೆ ಬೀಗಮುದ್ರೆ ಹಾಕಿದಾಗ, ಸೈತಾನನ ಚೇಲಾಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಆಕೆ ತಂತಿ ಕಳುಹಿಸಿದಳಂತೆ! ಕೊನೆಗೆ ನುರಿತ ತಂತ್ರಜ್ಞನೊಬ್ಬನನ್ನು ನೇಮಿಸಿಕೊಳ್ಳಲು ಒಪ್ಪಿದಳಂತೆ.

ಅದೇ ನಗರದ ಟ್ರಿನಿಟಿ ಮೆಥಡಿಸ್ಟ್ ಚರ್ಚಿನ ಪಾದ್ರಿ ರಾಬರ್ಟ್ ಷೂಲರ್ ಬೇರೆಯೇ ಜಾತಿಯ ಮನುಷ್ಯ. ಭಕ್ತೆಯೊಬ್ಬಳ ಕೊಡುಗೆಯಿಂದ 1926ರಲ್ಲಿ ಆತ ಕೆ.ಜಿ.ಇ.ಎಫ್. ನಿಲಯವನ್ನು ಸ್ಥಾಪಿಸಿದ. ಲಂಚಕೋರ ಅಧಿಕಾರಿಗಳು, ಪೊಲೀಸರು, ನ್ಯಾಯಾಧೀಶರು ಯಾರನ್ನೂ ಆತ ಬಿಡಲಿಲ್ಲ. ಕ್ಯಾಥೊಲಿಕರನ್ನೂ ಯೆಹೂದ್ಯರನ್ನೂ ಬಿಡಲಿಲ್ಲ. ಸ್ವತಃ ಮೆಕ್‌ಫರ್ಸನ್ನಳೂ ಆತನ ನಾಲಗೆಗೆ ಗುರಿಯಾದಳು. ಆತ ಹಳಿಯುತ್ತಿದ್ದ ಜಿಲ್ಲಾ ಸರಕಾರಿ ವಕೀಲ ಮುಂದೆ ಲಂಚದ ಅಪರಾಧಕ್ಕಾಗಿ ಸೆರೆಮನೆ ಸೇರಿದ. ಆದರೆ ಷೂಲರ್ ಒಮ್ಮೆ, ಹೆಸರಾಂತ ವ್ಯಕ್ತಿಯೊಬ್ಬನ ಗುಟ್ಟು ತನಗೆ ತಿಳಿದಿದೆ, ನೂರು ಡಾಲರು ಕಾಣಿಕೆ ಬಾರದಿದ್ದರೆ ಹೊರಗೆಡಹುವೆ ಎಂದು ಸಾರಿದ. ಯಾರ ಹೆಸರನ್ನೂ ಹೇಳಿರಲಿಲ್ಲ. ಹಣ ಕಳುಹಿಸಿದವರು ಮಾತ್ರ ಹಲವರು!

ಪ್ರಸಾರವು ಸಾರ್ವಜನಿಕರ ಹಿತಕ್ಕೆ ಒದಗಬೇಕೆಂಬುದು 1927ರ ರೇಡಿಯೋ ಕಾನೂನಿನ ವಿಧಿ. ಪರವಾನಗಿಯನ್ನು ಮುಂದುವರಿಸಬಹುದೆಂದು ವಿಚಾರಣಾಧಿಕಾರಿಯು ಶಿಫಾರಸು ಮಾಡಿದರೂ, ಫೆಡರಲ್ ರೇಡಿಯೋ ಆಯೋಗ ಅದನ್ನು ಒಪ್ಪದೆ 1931ರ ನವೆಂಬರಿನಲ್ಲಿ ನಿಲಯವನ್ನು ಮೌನಗೊಳಿಸಿತು. ಅದೇ ವರ್ಷ ಸುಪ್ರೀಂ ಕೋರ್ಟು, ನಿಂದೆಯೇ ತುಂಬಿದ್ದ ಮಿನ್ನೆಸೋಟದ ಪತ್ರಿಕೆಯೊಂದನ್ನು ಮುಚ್ಚಿಸುವ ಅಧಿಕಾರ ಸರಕಾರಕ್ಕಿಲ್ಲವೆಂದು ತೀರ್ಪಿತ್ತಿತ್ತು. ಅಚ್ಚಿನ ಮಾತಿಗೆ ದೊರೆತ ರಕ್ಷಣೆ ಆಡಿದ ಮಾತಿಗೇಕಿಲ್ಲ ಎಂದು ಚರ್ಚು ಮೇಲ್ಮನವಿ ಸಲ್ಲಿಸಿತು. ಷೂಲರ್ ಬೇರೆಡೆ ಏನನ್ನಾದರೂ ಆಡಬಹುದು, ಬರೆಯಬಹುದು. ಆದರೆ ಅದಕ್ಕಾಗಿ ತರಂಗಗಳನ್ನು ತನ್ನ ಹಕ್ಕೆಂದು ಕೇಳಲಾರ ಎಂದು ಮೇಲ್ಮನವಿ ನ್ಯಾಯಾಲಯ 1932ರಲ್ಲಿ ತೀರ್ಮಾನಿಸಿತು. ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಅದೇ 1932ರಲ್ಲಿ ಸೆನೆಟ್ ಚುನಾವಣೆಗೆ ನಿಂತ ಷೂಲರನಿಗೆ, ಆತ ಸೋತರೂ, ಐದು ಲಕ್ಷಕ್ಕೂ ಮಿಕ್ಕಿ ಮತಗಳು ಬಿದ್ದವು. ಮೌನಗೊಂಡದ್ದು ನಿಲಯವೇ ಹೊರತು ಕೇಳುಗರ ನಂಬಿಕೆಯಲ್ಲ.

ಮೆಕ್‌ಫರ್ಸನ್ 1944ರಲ್ಲಿ, ಷೂಲರ್ 1965ರಲ್ಲಿ ಕಾಲವಾದರು. ಆಕೆಯ ಚರ್ಚಿನ ಪ್ರಸಾರ ತರಂಗವೂ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಸ್ಪ್ಯಾನಿಷ್ ಭಾಷೆಯ ಪ್ರಸಾರ ಸಂಸ್ಥೆಯೊಂದಕ್ಕೆ ಮಾರಾಟವಾಯಿತು. ಏಂಜಲಸ್ ಟೆಂಪಲ್ಲಿನ ಗುಮ್ಮಟವು ಈಗಲೂ ಎಕೋ ಪಾರ್ಕಿನ ಕೆರೆಯಂಚಿನಲ್ಲಿ ನಿಂತಿದೆ. ಭ್ರಷ್ಟರನ್ನು ಬಯಲಿಗೆಳೆದ ನಾಲಗೆಯೇ ನಿರಪರಾಧಿಗಳನ್ನೂ ಕುಟುಕಿದರೆ ಅದನ್ನು ತಡೆಯಬೇಕಾದವರು ಯಾರು? ತಡೆಯುವವನ ಕೈಯನ್ನು ಹಿಡಿಯುವವರು ಯಾರು? ನ್ಯಾಯಾಲಯವು ಮೊದಲನೆಯ ಪ್ರಶ್ನೆಗೆ ಉತ್ತರವಿತ್ತಿತು; ಎರಡನೆಯದನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಕೇಳಿಕೊಳ್ಳಬೇಕಾಗಿದೆ.