ಅವರೆಕಾಳಿಗೆ ಕಾಲು ಬಂದ ದಿನ

ಕಾಳು ನಡೆಯಿತು! ನಗರಗೆರೆಯ ನಮ್ಮ ನಡುಮನೆಯಲ್ಲಿ, ಮೊರದಲ್ಲಿದ್ದ ಅವರೆಕಾಳು ಒಂದೊಂದಾಗಿ ಅಂಚು ಹತ್ತಿ, ಕೆಳಗಿಳಿದು, ಸಾಲು ಕಟ್ಟಿ, ನೀರಿನ ಬಟ್ಟಲಿಗೆ ಹಾರಿ, ಸಿಪ್ಪೆಯ ಅಂಗಿಯನ್ನು ತಾವೇ ಕಳಚಿಕೊಂಡು ಹಿತಕಿದ ಬೇಳೆಯಾಗಿ ಹೊರಬಂದವು. ಒಟ್ಟು 18 ಸೆಕೆಂಡು. ಅಷ್ಟಕ್ಕೆ ಐದು ಮಕ್ಕಳೂ ನಾನೂ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಕೂತಿದ್ದೆವು, 216 ಫೋಟೊ ಪೋಣಿಸಿದ್ದೆವು. ಮೈ ಜುಮ್ಮೆಂದಿತು.

ಇದಕ್ಕೆ ಸ್ಟಾಪ್ ಮೋಷನ್ ಎನ್ನುತ್ತಾರೆ. ವಸ್ತು ಇಡು, ಫೋಟೊ ತೆಗೆ, ಚೂರು ಸರಿಸು, ಮತ್ತೆ ತೆಗೆ. ಸಿನಿಮಾ ಸೆಕೆಂಡಿಗೆ 24 ಚಿತ್ರ ಓಡಿಸುತ್ತದೆ. ಒಂದೊಂದು ಭಂಗಿಯನ್ನು ಎರಡೆರಡು ಚಿತ್ರದಷ್ಟು ನಿಲ್ಲಿಸಿದರೆ 12 ಭಂಗಿ ಸಾಕು. ನಾವು ಎರಡು ಇಟ್ಟಿಗೆಯ ನಡುವೆ ಫೋನು ಕಟ್ಟಿ ಶುರು ಮಾಡಿದೆವು. ಮೊದಲ 40 ಫೋಟೊ ದಂಡವಾದವು. ಓಡಿಸಿ ನೋಡಿದರೆ ನೆಲವೆಲ್ಲ ಜಾತ್ರೆಯ ಸೀರಿಯಲ್ ಸೆಟ್ಟಿನ ಹಾಗೆ ಮಿಣುಕುತ್ತಿದೆ! ಕಿಟಕಿಯ ಬಿಸಿಲು ನಮಗೆ ಗೊತ್ತೇ ಆಗದಂತೆ ಸರಿಯುತ್ತಿತ್ತು. ಕಿಟಕಿ ಮುಚ್ಚಿ ಬಲ್ಬು ಹಾಕಿದೆವು.

ಆಮೇಲೂ ಕಾಳು ನಡೆಯಲಿಲ್ಲ, ಯಾರೋ ದಾರ ಕಟ್ಟಿ ಎಳೆದ ಹಾಗೆ ಜಾರಿತು ಅಷ್ಟೆ. ಅಳತೆ ಹಿಡಿದು ಒಂದೇ ಸಮ ಸರಿಸಿದ್ದೇ ತಪ್ಪು ಎಂದು ಕಂಡುಹಿಡಿದದ್ದು ಆರನೇ ಕ್ಲಾಸಿನ ಹುಡುಗಿ. "ಗೌರಿಬಿದನೂರು ಬಸ್ಸು ಹಂಗಾ ಹೊರಡೋದು? ಮೊದ್ಲು ಮೆಲ್ಲಗೆ ತಾನೆ?" ಎಂದಳು. ಆಹಾ! ಮೊದಲು ರಾಗಿಯಷ್ಟು, ಆಮೇಲೆ ಎಳ್ಳಷ್ಟು, ಆಮೇಲೆ ತೊಗರಿಯಷ್ಟು, ನಿಲ್ಲುವ ಮುಂಚೆ ಮತ್ತೆ ರಾಗಿಯಷ್ಟು. ಹಾಗೆ ಸರಿಸಿದ್ದೇ ತಡ, ಕಾಳಿಗೆ ಉಸಿರು ಬಂತು, ಮನಸ್ಸು ಬಂತು. ಮೊರದ ಅಂಚಿನಲ್ಲಿ ಅದು ಹೆದರಿ ನಿಂತು, ಧೈರ್ಯ ಮಾಡಿ ಹಾರಿತು. ನಿಜವಾಗಿ ಹಾಗೇ ಕಂಡಿತು! ನಾವು ಕಾಳಿಗೆ ಏನನ್ನೂ ಸೇರಿಸಿರಲಿಲ್ಲ. ಸರಿಸುವ ದೂರವನ್ನು ಬದಲಿಸಿದ್ದೆವು, ಅಷ್ಟೇ.

ನಮ್ಮ ದೇಶದ ಸಿನಿಮಾದ ಬೇರೇ ಒಂದು ಕಾಳಿನಲ್ಲಿದೆ ಗೊತ್ತೇ? 1913ರಲ್ಲಿ ತಮ್ಮ 'ರಾಜಾ ಹರಿಶ್ಚಂದ್ರ' ಸಿನಿಮಾ ತೆರೆಗೆ ಬರುವ ಮೊದಲು ದಾದಾಸಾಹೇಬ್ ಫಾಲ್ಕೆ ಕುಂಡದಲ್ಲಿ ಬಟಾಣಿ ನೆಟ್ಟು, ಅದು ಮೊಳೆತು ಬೆಳೆಯುವುದನ್ನು ಬಿಡಿಬಿಡಿ ಚಿತ್ರಗಳಲ್ಲಿ ಹಿಡಿದರು. ದಿನಗಟ್ಟಲೆಯ ಬೆಳವಣಿಗೆ ಗಳಿಗೆಯಲ್ಲಿ ಕಣ್ಣೆದುರು! ಅದನ್ನು ತೋರಿಸಿಯೇ ಅವರು ಸಿನಿಮಾಕ್ಕೆ ಹಣ ಹಾಕುವವರನ್ನು ಒಪ್ಪಿಸಿದ್ದು. ಅಲ್ಲಿ ಬಟಾಣಿ ತಾನೇ ಬೆಳೆಯಿತು, ಇಲ್ಲಿ ಅವರೆಯನ್ನು ಕೈ ನಡೆಸಿತು. ಬಿಡಿ ಚಿತ್ರ ಪೋಣಿಸುವ ವಿದ್ಯೆ ಎರಡಕ್ಕೂ ಒಂದೇ. 1915ರಲ್ಲಿ ಅವರು ಬೆಂಕಿಕಡ್ಡಿಗಳನ್ನೂ ಕುಣಿಸಿದರು.

ಮಧ್ಯಾಹ್ನ ಮಕ್ಕಳಿಗೆ ಸುರೇಶ್ ಎರಿಯಾಟ್ ನಿರ್ದೇಶಿಸಿದ 'ದೇಸಿ ಊನ್' ಹಾಕಿ ತೋರಿಸಿದೆ. ದಖ್ಖನ್ ಕುರಿಯ ಉಣ್ಣೆಯ ಕಥೆಯನ್ನು ಆ ಉಣ್ಣೆಯಿಂದಲೇ ಮಾಡಿ ಹೇಳಿದ ಸ್ಟಾಪ್ ಮೋಷನ್ ಚಿತ್ರ ಅದು. 2025ರಲ್ಲಿ ಫ್ರಾನ್ಸಿನ ಆನ್ಸಿ ಉತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ಪಡೆಯಿತು. ಒರಟು ಉಣ್ಣೆ ಜಗತ್ತಿನ ತೆರೆಯ ಮೇಲೆ ಮಿಸುಕಾಡುವುದನ್ನು ಕಂಡು ಒಬ್ಬ ಹುಡುಗ ಎದ್ದುಹೋಗಿ ಪೆಟ್ಟಿಗೆಯ ಮೇಲಿನ ತಾತನ ಕರಿ ಕಂಬಳಿ ಮುಟ್ಟಿ ಬಂದ. ನನ್ನ ಕಣ್ಣು ತುಂಬಿತು.

ಸಂಜೆ ಅಜ್ಜಿಯನ್ನು ಕರೆದು ನಮ್ಮ 18 ಸೆಕೆಂಡು ತೋರಿಸಿದೆವು. "ಅಯ್ಯೋ, ಕಾಳ್ಗೆ ಕಾಲ್ ಬಂದ್ಬುಟ್ವಲ್ರೋ!" ಎಂದರು. ಇನ್ನೊಂದು ಸಲ ಹಾಕಿಸಿಕೊಂಡರು. ಮೂರನೇ ಸಲ ಮುಗಿದ ಮೇಲೆ ಮೊರದಿಂದ ಒಂದು ಕಾಳು ಎತ್ತಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ನಿಮ್ಮ ಮನೆಯಲ್ಲೂ ಒಂದು ಫೋನು, ಒಂದು ಬಲ್ಬು, ಒಂದು ಹಿಡಿ ಕಾಳು ಇದ್ದೇ ಇರುತ್ತವೆ. ಬರುವ ಭಾನುವಾರವೇ ಮಕ್ಕಳನ್ನು ಸೇರಿಸಿಕೊಂಡು ಕಿಟಕಿ ಮುಚ್ಚಿ ಕೂರಿ. ಫೋನು ಮಾತ್ರ ಅಲುಗದಂತೆ ಬಿಗಿಯಾಗಿ ಕಟ್ಟಿ.