ಕಾವಲುಗಾರರ ಬಳಗ

2003ರ ಜನವರಿ 25ರ ಶನಿವಾರ ಅಂತರ್ಜಾಲಕ್ಕೆ ‘ಸ್ಲ್ಯಾಮರ್’ ಎಂಬ ವರ್ಮ್ ನುಗ್ಗಿತು. ಅದರ ಗಾತ್ರ ಬರೀ 376 ಬೈಟ್. ಒಂದೇ ಪ್ಯಾಕೆಟ್‌ನೊಳಗೆ ಇಡೀ ವರ್ಮ್ ಅಡಗಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ, ಅದಕ್ಕೆ ತುತ್ತಾಗಬಲ್ಲ ಸರ್ವರ್‌ಗಳಲ್ಲಿ ಶೇ 90ರಷ್ಟು ಅದರ ಪಾಲಾಗಿದ್ದವು. ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಪ್ಯಾಚ್ ಕೊಟ್ಟಿತ್ತು. ಹಾಕಿಸಿಕೊಳ್ಳದೇ ಉಳಿದವರು ಲೆಕ್ಕವಿಲ್ಲದಷ್ಟು.

ಇಂಥ ನುಸುಳುಕೋರರನ್ನು ಪತ್ತೆ ಹಚ್ಚುವ ತಂತ್ರಾಂಶ ‘ಸ್ನಾರ್ಟ್’. ಸ್ಲ್ಯಾಮರ್ ಗುರುತಿಸಲು ಅದರಲ್ಲಿರುವ ನಿಯಮ ಕೆಲವೇ ಸಾಲಿನದು. 1434ನೇ ಪೋರ್ಟ್‌ಗೆ ಬಂದ ಯುಡಿಪಿ ಪ್ಯಾಕೆಟ್‌ನ ಮೊದಲ ಬೈಟ್ 04 ಆಗಿದೆಯೇ? ಒಳಗೆ ಇಂಥದೇ ಬೈಟ್‌ಗಳ ಸಾಲು ಇದೆಯೇ? ‘ಸಾಕ್’, ‘ಸೆಂಡ್’ ಎಂಬ ಪದಗಳಿವೆಯೇ? ಎಲ್ಲಕ್ಕೂ ಹೌದಾದರೆ ಅಲರ್ಟ್. ಪ್ರೋಗ್ರಾಮಿಂಗ್ ಬಾರದ ನೆಟ್‌ವರ್ಕ್ ಅಡ್ಮಿನ್ ಕೂಡ ಇದನ್ನು ಓದಬಹುದು, ತಿದ್ದಬಹುದು, ಗೆಳೆಯನಿಗೆ ಕಳಿಸಬಹುದು. ಬಳಕೆದಾರರು ತಾವೇ ಬರೆಯುವ ನಿಯಮಗಳಿಗೆಂದು ಹತ್ತು ಲಕ್ಷದ ಮೇಲಿನ ಕ್ರಮಸಂಖ್ಯೆಗಳನ್ನು ಬಿಟ್ಟುಕೊಡಲಾಗಿದೆ.

ಮಾರ್ಟಿನ್ ರೋಶ್ 1998ರ ಡಿಸೆಂಬರಿನಲ್ಲಿ ಸ್ನಾರ್ಟ್ ಬಿಡುಗಡೆ ಮಾಡಿದಾಗ ಅದರಲ್ಲಿ ಇದ್ದದ್ದು ಸುಮಾರು 1,600 ಸಾಲಿನ ಕೋಡ್. ನಿಯಮಗಳ ಸೌಲಭ್ಯ ಬಂದದ್ದು ಮರುವರ್ಷ. ಆಮೇಲೆ ಅದನ್ನು ಬೆಳೆಸಿದ್ದು ಬಳಕೆದಾರರು. ಒಬ್ಬರ ಕಚೇರಿಯ ಮೇಲಾದ ದಾಳಿ ಇನ್ನೊಬ್ಬರಿಗೆ ಮುನ್ನೆಚ್ಚರಿಕೆಯಾಯಿತು. ಭದ್ರತಾ ಉತ್ಪನ್ನಗಳಿಗೆ ಬಳಕೆದಾರರ ಬಳಗ ಬೇಕಾಗಿರುವುದೇ ಇದಕ್ಕೆ. ಯಾವ ಪ್ರಯೋಗಾಲಯಕ್ಕೂ ಪ್ರತಿ ನೆಟ್‌ವರ್ಕ್‌ನ ಒಳಗೆ ಇಣುಕಿ ನೋಡಲಾಗದು. ಯಾವ ಅಲರ್ಟ್ ಸುಳ್ಳು, ಯಾವುದು ನಿಜ ಎಂದು ಹೇಳಬಲ್ಲವರು ದಿನವೂ ಅದರ ಮುಂದೆ ಕೂರುವವರು.

ರೋಶ್ 2001ರಲ್ಲಿ ಕಟ್ಟಿದ ‘ಸೋರ್ಸ್‌ಫೈರ್’ ಕಂಪನಿಯನ್ನು 2013ರಲ್ಲಿ ಸಿಸ್ಕೊ 270 ಕೋಟಿ ಡಾಲರಿಗೆ ಕೊಂಡಿತು. ಈಗ ಹಣ ಕೊಟ್ಟವರಿಗೆ ಹೊಸ ನಿಯಮ ಕೂಡಲೇ ಸಿಗುತ್ತದೆ, ಬರೀ ನೋಂದಣಿ ಮಾಡಿಸಿದವರು 30 ದಿನ ಕಾಯಬೇಕು. ಬಳಗದ ನಿಯಮಗಳು ಮಾತ್ರ ಎಲ್ಲರಿಗೂ ಉಚಿತ. ಈ ಒಪ್ಪಂದ ನ್ಯಾಯವಾದದ್ದೇ. ಕಂಪನಿಯೂ ಬದುಕಬೇಕು, ಕೊಟ್ಟವರ ಶ್ರಮವೂ ಎಲ್ಲರ ಕೈಯಲ್ಲಿ ಉಳಿಯಬೇಕು.

‘ನೆಸ್ಸಸ್’ ಕಥೆ ಇಷ್ಟು ಸಲೀಸಾಗಿ ಸಾಗಲಿಲ್ಲ. ನೆಟ್‌ವರ್ಕ್‌ನ ದೌರ್ಬಲ್ಯ ಹುಡುಕುವ ಈ ಸ್ಕ್ಯಾನರನ್ನು ರೆನೊ ಡೆರೈಸೊನ್ 1998ರಲ್ಲಿ ಮುಕ್ತವಾಗಿ ಕೊಟ್ಟಿದ್ದರು. 2005ರಲ್ಲಿ ಅದರ ಮೂಲ ಕೋಡ್ ಮುಚ್ಚಿತು. ಅದರ ಎಂಜಿನ್‌ಗೆ ಹೊರಗಿನವರು ಕೊಟ್ಟ ಕೋಡ್ ಏನೂ ಇಲ್ಲವೆನ್ನುವಷ್ಟು ಕಡಿಮೆ ಎಂಬುದು ಅವರ ಕಡೆಯ ಸಮರ್ಥನೆ. ಹಳೆಯ ಕೋಡ್ ಹಿಡಿದು ಬೇರೆಯಾದವರು ಕಟ್ಟಿದ್ದೇ ‘ಓಪನ್‌ವಾಸ್’. ಪಡೆಯುವವರು ಸಾವಿರ, ಕೊಡುವವರು ಒಬ್ಬಿಬ್ಬರು ಎಂದಾದರೆ ಎಂಥ ಬಳಗವಾದರೂ ಬಿರುಕು ಬಿಡುತ್ತದೆ. ಹೊಸ ಬಳಗ ಶುರುಮಾಡುವ ಕಂಪನಿಗಳು ಸದಸ್ಯರ ಸಂಖ್ಯೆ ಎಣಿಸುವ ಬದಲು ಕೊಡುವವರನ್ನು ಹುಡುಕಿ ಹೆಸರು ಹೇಳಿ ಗೌರವಿಸಬೇಕು.

ಇಲ್ಲಿ ಹಂಚಿಕೊಳ್ಳುವುದಕ್ಕೂ ಒಂದು ಶಿಸ್ತು ಬೇಕು. ಸಮಸ್ಯೆ ಕೇಳುವ ಭರದಲ್ಲಿ ಫೈರ್‌ವಾಲ್‌ನ ಕಾನ್ಫಿಗರೇಶನ್ ಫೈಲನ್ನು ಇದ್ದಹಾಗೇ ಹಾಕಿದರೆ ಐಪಿ ವಿಳಾಸ, ವಿಪಿಎನ್ ಕೀ, ಪಾಸ್‌ವರ್ಡ್ ಎಲ್ಲವೂ ಬಯಲು. ಮೊದಲು ಅವನ್ನು ಅಳಿಸಬೇಕು. ಉತ್ಪನ್ನದಲ್ಲೇ ಹೊಸ ದೋಷ ಕಂಡವರು ಅದನ್ನು ಎಲ್ಲರೆದುರು ಬಿಚ್ಚಿಡುವ ಮೊದಲು ತಯಾರಕರಿಗೆ ಗುಟ್ಟಾಗಿ ತಿಳಿಸಿ, ಪ್ಯಾಚ್ ಬರಲು ಸಮಯ ಕೊಡುತ್ತಾರೆ. ಬೆಂಗಳೂರಿನಲ್ಲೂ ಬಳಗವಿರುವ ‘ನಲ್’ನಂಥ ಮುಕ್ತ ಭದ್ರತಾ ಗುಂಪುಗಳ ಸಭೆಗೆ ಶುಲ್ಕವಿಲ್ಲ. ಈ ರೂಢಿಗಳನ್ನು ಹೊಸಬರು ಅನುಭವಿಗಳ ಪಕ್ಕ ಕೂತು ಕಲಿಯಲು ಅಂಥ ಸಭೆಗಳು ಒಳ್ಳೆಯ ಜಾಗ.